ಹನ್ನೊಂದು ನಿಮಿಷದ ಇಂಜಿನ್

ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳು ಮೂವತ್ತೊಂದು, ಮುಚ್ಚಳಗಳು ಇಪ್ಪತ್ತಾರು. ಈ ಎಣಿಕೆಯನ್ನು ನಾನು ಒಂದು ಭಾನುವಾರ ಮಧ್ಯಾಹ್ನ, ಅಮ್ಮ ಊಟ ಮುಗಿಸಿ ಅಡ್ಡಾದ ಹೊತ್ತು ನೋಡಿ ಮಾಡಿದೆ. ಎಣಿಸಿ ಸುಮ್ಮನಾಗಲಿಲ್ಲ, ಪ್ರತಿ ಮುಚ್ಚಳದ ಹಿಡಿಯ ಮೇಲೆ ಕೆಂಪು ಉಗುರುಬಣ್ಣದಿಂದ ಒಂದೊಂದು ಸಂಖ್ಯೆ ಬರೆದೆ, ಅದೇ ಸಂಖ್ಯೆಯನ್ನು ಅದರ ಜೋಡಿ ಪಾತ್ರೆಯ ಕಿವಿಗೂ ಬರೆದೆ, ಡೈರಿಯ ಕೊನೆಯ ಪುಟಗಳಲ್ಲಿ ಪಟ್ಟಿ ಹಾಕಿದೆ. ಆ ಪಟ್ಟಿಯ ಒಂದು ಸಾಲು ಹೀಗಿದೆ: ‘ಹದಿನಾಲ್ಕು. ಇಡ್ಲಿ ಪಾತ್ರೆಯ ಮುಚ್ಚಳ. ನಡುವೆ ತೂತು ಇದೆ. ಬದಲಿಸಬೇಕು.’ ನಿದ್ದೆಯಿಂದ ಎದ್ದ ಅಮ್ಮ ತನ್ನ ಸಾಮ್ರಾಜ್ಯಕ್ಕೆ ಬಿದ್ದ ಸಂಖ್ಯೆಗಳನ್ನು ಒಂದೊಂದಾಗಿ ನೋಡಿ, “ನಿನ್ನನ್ನು ಹೆತ್ತದ್ದು ಹೌದಾ ಮಾರಾಯ್ತಿ, ಅಲ್ಲ ಯಾವುದಾದರೂ ಗೋಡೌನಿನಿಂದ ಎತ್ತಿ ತಂದದ್ದಾ?” ಎಂದು ಕೇಳಿದಳು.

ಓದುಗ ಮಿತ್ರರೇ, ನಿಮ್ಮಲ್ಲೂ ನನ್ನ ಜಾತಿಯವರು ಇರಬಹುದು. ತೆರೆದ ಡಬ್ಬಿ ಕಂಡರೆ ಕೈ ತಾನಾಗಿ ಅದರ ಮುಚ್ಚಳ ಹುಡುಕುತ್ತದೆ, ಅರೆತೆರೆದ ಕಪಾಟು ಕಂಡರೆ ಮನಸ್ಸು ಅರ್ಧಕ್ಕೆ ನಿಲ್ಲುತ್ತದೆ, ಬಿಟ್ಟ ಜಾಗ ಕಂಡರೆ ತುಂಬಬೇಕೆನಿಸುತ್ತದೆ. ನಾನು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಬ್ಬರ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುವವಳು. ತೂತು, ಬಿರುಕು, ಗಾಳಿಗುಳ್ಳೆ ಕಂಡರೆ ಮಾಲನ್ನು ಪಕ್ಕಕ್ಕೆ ತಳ್ಳುವುದಕ್ಕೇ ನನಗೆ ಸಂಬಳ. ನೆರೂಳದ ಮನೆಯಿಂದ ಠಾಣೆ ಪಟ್ಟಣಕ್ಕೆ ಒಂದು ಲೋಕಲ್ ರೈಲು, ಠಾಣೆಯಿಂದ ಡೊಂಬಿವಲಿಗೆ ಇನ್ನೊಂದು. ಹೋಗುವಾಗ ನಿಂತು, ಬರುವಾಗ ಅದೃಷ್ಟವಿದ್ದರೆ ಕೂತು, ಡೈರಿ ಬರೆಯುತ್ತೇನೆ. ಬರೆಯುವುದು ಕನ್ನಡದಲ್ಲಿ. ಇಲ್ಲೇ ಹುಟ್ಟಿ ಬೆಳೆದ ನನ್ನ ಬಾಯಿಗೆ ಹಿಂದಿ, ಮರಾಠಿಯೇ ಮೊದಲು ಬರುವುದಾದರೂ, ರೈಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತವರು ಪಕ್ಕದವರ ಪುಟವನ್ನು ಓದದೆ ಬಿಡುವುದಿಲ್ಲ, ಮತ್ತು ಆ ಡಬ್ಬಿಯಲ್ಲಿ ಕನ್ನಡ ಓದಬಲ್ಲವರು ಕಡಿಮೆ. ಅಮ್ಮ ಸ್ಲೇಟಿನಲ್ಲಿ ತಿದ್ದಿಸಿದ ಅಕ್ಷರಗಳು ಹೀಗೆ ನನಗೆ ಒಂದು ಗುಟ್ಟಿನ ಪೆಟ್ಟಿಗೆಯಾದವು.

ಆದರೆ ನಾನು ಹೇಳಹೊರಟದ್ದು ಅಡುಗೆಮನೆಯ ಮುಚ್ಚಳದ ಕತೆಯಲ್ಲ. ಅದು ಒಂದು ದೋಣಿಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ್ದು.

ನನ್ನ ಸೋದರಮಾವನ ಹೆಸರು ಸದಾನಂದ. ಉಡುಪಿಯ ಕಡಲ ದಂಡೆಯಲ್ಲಿ ಹುಟ್ಟಿ, ಹದಿನೆಂಟಕ್ಕೆ ಇಲ್ಲಿಗೆ ಬಂದು, ಎಲ್ಲರ ಹಾಗೆ ಮೊದಲು ಹೋಟೆಲಿನಲ್ಲಿ ತಟ್ಟೆ ಎತ್ತಿ, ಆಮೇಲೆ ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ತಗಡು ಬಡಿಯುವ ಪ್ರೆಸ್ಸುಗಳ ನಡುವೆ ಇಪ್ಪತ್ತಾರು ವರ್ಷ ದುಡಿದು, ನಿವೃತ್ತಿಯ ನಂತರ ನೆರೂಳದ ಹಿಂದೆ ಕಡಲ ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ, ಕೋಳಿ ಎಂಬ ಬೆಸ್ತ ಸಮುದಾಯದವರ ಕೇರಿಯ ಅಂಚಿಗೆ, ತಗಡಿನ ಮಾಡಿನ ಒಂದು ಅಂಗಡಿ ತೆರೆದವನು. ದೋಣಿಯ ಹಿಂಬದಿಗೆ ತೂಗುಹಾಕುವ ಇಂಜಿನ್‌ಗಳನ್ನು ದುರಸ್ತಿ ಮಾಡುತ್ತಾನೆ. ನಮ್ಮ ಊರಿನವರೂ ಇಲ್ಲಿನವರೂ ಅದನ್ನು ಒಬಿಎಂ ಎಂದೇ ಕರೆಯುತ್ತಾರೆ. ಒಂಬತ್ತು ದೋಣಿಗಳು ಅವನನ್ನು ನಂಬಿವೆ. ಆ ಒಂಬತ್ತರಲ್ಲಿ ಮೊದಲನೆಯದು ಹಿರಾ ಮಾವ್ಶಿಯದು. ಮಾವ್ಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಐವತ್ತು ದಾಟಿದ ಆಕೆ ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ ತಾನೇ ಚುಕ್ಕಾಣಿ ಹಿಡಿಯುವವಳು. ಅಂಗಡಿ ತೆರೆದ ದಿನ, ಯಾರೂ ಈ ಮದ್ರಾಸಿಯ ಕೈಗೆ ಇಂಜಿನ್ ಕೊಡಲು ಮುಂದೆ ಬಾರದಿದ್ದಾಗ, ಮೊದಲು ಬಂದವಳು ಆಕೆ. ಉಳಿದ ಎಂಟು ದೋಣಿಗಳು ಆಕೆಯ ಬೆನ್ನಿಗೆ ಬಂದಂಥವು.

ಕಳೆದ ಆಗಸ್ಟಿನಲ್ಲಿ, ಮಳೆಗಾಲದ ಬಿಡುವು ಮುಗಿದು, ಖಾಡಿಗೆ ತೆಂಗಿನಕಾಯಿ ಅರ್ಪಿಸಿ ಹಿರಾ ಮಾವ್ಶಿ ದೋಣಿ ನೀರಿಗಿಳಿಸಿದಳು. ಇಂಜಿನ್ ಒಂದೇ ಎಳೆತಕ್ಕೆ ಹಾಡತೊಡಗಿತು. ಹನ್ನೊಂದು ನಿಮಿಷ ಹಾಡಿತು. ಆಮೇಲೆ ಕೆಮ್ಮಿ, ಬಿಕ್ಕಿ, ಸತ್ತಿತು. ಆಕೆ ಟ್ಯಾಂಕಿನ ಮುಚ್ಚಳ ತೆರೆದು ಪೆಟ್ರೋಲ್ ಇದೆಯೇ ಎಂದು ನೋಡಿದಳು; ಇತ್ತು. ಮುಚ್ಚಿದಳು, ಹಗ್ಗ ಎಳೆದಳು, ಮತ್ತೆ ಹೊರಟಿತು. ಇನ್ನೊಂದು ಹನ್ನೆರಡು ನಿಮಿಷ. ಹೀಗೆ ನಿಲ್ಲುತ್ತ ಹೊರಡುತ್ತ ದಂಡೆ ಸೇರುವಷ್ಟರಲ್ಲಿ ನೀರು ಇಳಿದು, ದೋಣಿ ಕೆಸರಿನಲ್ಲಿ ಕೂತಿತು. ಖಾಡಿಯ ಕೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ಅದರಲ್ಲಿ ಕಾಲಿಟ್ಟರೆ ಸೊಂಟದವರೆಗೆ ಹೋಗುತ್ತದೆ. ಮುಂದಿನ ಭರತ, ಅಂದರೆ ಉಬ್ಬರದ ನೀರು, ಬರುವ ತನಕ ಬಿಸಿಲಲ್ಲಿ ಬುಟ್ಟಿಯ ಮೀನಿನ ಜೊತೆ ಕೂತಿರುವುದೊಂದೇ ದಾರಿ. ಆಕೆ ಆರು ಗಂಟೆ ಕೂತಳು.

ಇಂಜಿನ್ ಕಳಚಿ ಮಾವನ ಅಂಗಡಿಗೆ ಬಂತು. ಮಾವ ಅದನ್ನು ನೀರು ತುಂಬಿದ ಡ್ರಮ್ಮಿನ ಅಂಚಿಗೆ ತೂಗುಹಾಕಿ ಒಂದು ಗಂಟೆ ಓಡಿಸಿದ. ಒಂದು ಸಣ್ಣ ಬಿಕ್ಕೂ ಇಲ್ಲ. ದೋಣಿಗೆ ಕಟ್ಟಿದರೆ ಮತ್ತೆ ಅದೇ ರಾಗ. ಇಂಜಿನ್‌ಗೆ ಪೆಟ್ರೋಲ್ ಸರಿಯಾಗಿ ಸಿಗುತ್ತಿಲ್ಲ ಎಂಬುದರಲ್ಲಿ ಮಾವನಿಗೆ ಸಂಶಯವಿರಲಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಟ್ಯಾಂಕಿನಿಂದ ಇಂಜಿನ್‌ವರೆಗಿನ ದಾರಿಯಲ್ಲಿ ಒಂದು ಪೈಪು, ಪೈಪಿನ ನಡುವೆ ಕೈಯಲ್ಲಿ ಹಿಂಡುವ ರಬ್ಬರ್ ಬಲ್ಬು, ಆಮೇಲೆ ಫಿಲ್ಟರ್, ಆಮೇಲೆ ತೆಳು ರಬ್ಬರ್ ಹಾಳೆಯೊಂದು ಮಿಡಿದು ಪೆಟ್ರೋಲ್ ಎತ್ತುವ ಪಂಪು, ಕೊನೆಗೆ ಕಾರ್ಬುರೇಟರ್. ಮಾವ ಒಂದೊಂದನ್ನೇ ಬದಲಿಸುತ್ತ ಹೋದ. ನಾನು ಒಂದೊಂದನ್ನೇ ಬರೆದುಕೊಳ್ಳುತ್ತ ಹೋದೆ. ಫಿಲ್ಟರ್ ಕಲ್ಯಾಣದಿಂದ ಬಂತು. ಬಲ್ಬು, ಪೈಪು ಠಾಣೆಯಿಂದ ಬಂದವು. ಪಂಪಿನ ರಬ್ಬರ್ ಹಾಳೆಯನ್ನು ನಾನೇ ನಮ್ಮ ಕಾರ್ಖಾನೆಯಲ್ಲಿ ಬೆಳಕಿಗೆ ಹಿಡಿದು, ದಪ್ಪ ಅಳೆದು ಆರಿಸಿ ತಂದೆ. ಕಾರ್ಬುರೇಟರಿನ ಸೂಜಿಯನ್ನು ವಿಠ್ಠಲವಾಡಿ ಸ್ಟೇಶನ್ನಿನ ಹಿಂದೆ ಹಳೆಯ ಬಿಡಿಭಾಗ ಮಾರುವ ಒಬ್ಬ ಅಜ್ಜನ ಡಬ್ಬಿಯಲ್ಲಿ ಇಬ್ಬರೂ ಕೂತು ಹುಡುಕಿದೆವು. ಪ್ರತಿ ಸಲ ಡ್ರಮ್ಮಿನಲ್ಲಿ ಇಂಜಿನ್ ಹಾಡಿತು, ಪ್ರತಿ ಸಲ ಖಾಡಿಯಲ್ಲಿ ಸತ್ತಿತು.

ಮಾವ ನನ್ನ ಡೈರಿ ಕಂಡರೆ ನಗುತ್ತಿದ್ದ. ಊರಿನ ಜಮೀನಿನ ಕಾಗದಪತ್ರ ಇಡುವವನಿಗೆ ಇಲ್ಲಿ ತಲಾಠಿ ಎನ್ನುತ್ತಾರೆ. ನಾನು ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ, “ಬಂದರು ನೋಡಿ ತಲಾಠಿಬಾಯಿ, ಇನ್ನು ಇಂಜಿನ್ ಹೆದರಿ ಸರಿಯಾಗ್ತದೆ” ಎನ್ನುತ್ತಿದ್ದ. ಆದರೆ ಆಗಸ್ಟಿನ ಕೊನೆಯ ಹೊತ್ತಿಗೆ ಅವನ ನಗು ತೆಳುವಾಯಿತು. ಹಿರಾ ಮಾವ್ಶಿಯ ಮೈದುನ ಅಂಗಡಿಯೆದುರು ನಿಂತು, ಮಾವನಿಗೆ ಕೇಳಲಿ ಎಂದೇ ದನಿ ಏರಿಸಿ, ಠಾಣೆಯಲ್ಲಿ ಒಳ್ಳೆಯ ಮೆಕ್ಯಾನಿಕ್ ಇದ್ದಾನಂತೆ ಎಂದು ಹೇಳಿಹೋದ. ಒಂದು ಬುಧವಾರ ಸಂಜೆ ನಮ್ಮ ಮನೆಗೆ ಬಂದ ಮಾವ, ಅಮ್ಮ ಬಡಿಸಿದ ಗಂಜಿಯ ಮುಂದೆ ಕೂತು ಬಹಳ ಹೊತ್ತು ಉಪ್ಪಿನಕಾಯಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

“ಶನಿವಾರ ದೊಡ್ಡ ಭರತ ಉಂಟು. ಹಿರಾಳ ದೋಣಿ ಇನ್ನೊಮ್ಮೆ ಹೋಗ್ತದೆ,” ಎಂದ. “ಆವತ್ತೂ ನಿಂತರೆ ನಾನು ಪಾನಾ ಕೆಳಗಿಡುವುದು. ಶಟರ್ ಬಂದ್. ಕೈಗೆ ಗೊತ್ತಾಗದ ಕೆಲಸ ಹಿಡಿದುಕೊಂಡು ಜನರನ್ನು ಕೆಸರಲ್ಲಿ ಕೂರಿಸುವುದು ಪಾಪ.”

“ಸುಮ್ಮನೆ ಊಟ ಮಾಡೊ,” ಎಂದಳು ಅಮ್ಮ. ಆದರೆ ಅವಳ ದನಿಯಲ್ಲಿ ಬೈಗುಳದ ಉಪ್ಪು ಇರಲಿಲ್ಲ. ಅಣ್ಣ ಸುಳ್ಳಿಗೆ ಹೀಗೆ ಹೇಳುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ನಾನು ಆ ರಾತ್ರಿಯ ಪುಟದಲ್ಲಿ ಒಂದೇ ಸಾಲು ಬರೆದೆ: ‘ಶಟರ್ ಇಳಿಯಲು ಬಿಡುವುದಿಲ್ಲ.’ ಹೇಗೆ ಎಂಬುದನ್ನು ಬರೆಯಲು ಜಾಗ ಬಿಟ್ಟೆ.

ಮರುದಿನ ಠಾಣೆಯಿಂದ ಮರಳುವಾಗ ಕೂರಲು ಜಾಗ ಸಿಕ್ಕಿತು. ಆಗಸ್ಟಿನ ಎಲ್ಲ ಪುಟಗಳನ್ನು ಮುಂದಿಟ್ಟು ಹೊಸ ಹಾಳೆಯಲ್ಲಿ ಅಂಕಣ ಎಳೆದೆ: ತಾರೀಖು, ಬದಲಿಸಿದ ಭಾಗ, ಎಷ್ಟು ನಿಮಿಷಕ್ಕೆ ನಿಂತಿತು, ಇತರ ವಿಷಯ. ನಿಮಿಷಗಳನ್ನು ಕೊಟ್ಟವಳು ಹಿರಾ ಮಾವ್ಶಿ. ನಾನು ಕೇಳಿಕೊಂಡಿದ್ದಕ್ಕೆ ಆಕೆ ಪ್ರತಿ ಸಲ ಇಂಜಿನ್ ನಿಂತಾಗ ಖಾಡಿಯ ನಡುವಿನಿಂದಲೇ ಫೋನಿನಲ್ಲಿ ದನಿ ಮುದ್ರಿಸಿ ಕಳಿಸುತ್ತಿದ್ದಳು; ಅದರಲ್ಲಿ ನಿಮಿಷ ಒಂದು ಪಾಲು, ಬೈಗುಳ ಮೂರು ಪಾಲು. ಅಂಕಿಗಳನ್ನು ಸಾಲಾಗಿ ಇಟ್ಟಾಗ ಒಂದು ವಿಚಿತ್ರ ಕಂಡಿತು. ಬದಲಿಸಿದ ಭಾಗಕ್ಕೂ ನಿಮಿಷಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧ ಇದ್ದದ್ದು ‘ಇತರ ವಿಷಯ’ದ ಜೊತೆ. ಟ್ಯಾಂಕು ಕಂಠಮಟ್ಟ ತುಂಬಿಸಿದ್ದ ದಿನಗಳಲ್ಲಿ ಹನ್ನೊಂದು, ಹನ್ನೆರಡು, ಹನ್ನೊಂದು. ನಾಲ್ಕು ಬೆರಳು ಕಡಿಮೆ ಇದ್ದ ದಿನ ಇಪ್ಪತ್ತಮೂರು. ಅರ್ಧ ಟ್ಯಾಂಕಿನ ಒಂದೇ ಒಂದು ದಿನ ನಲವತ್ತು ದಾಟಿತ್ತು. ಪೆಟ್ರೋಲ್ ಹೆಚ್ಚಿದ್ದಷ್ಟೂ ಇಂಜಿನ್ ಬೇಗ ಸಾಯುತ್ತಿತ್ತು. ಹೆದರಿದ ಮಾವ, ಇನ್ನೇನು ಇಲ್ಲದಿದ್ದರೂ ಪೆಟ್ರೋಲ್ ಇಲ್ಲವೆಂಬ ಸಂಶಯ ಬೇಡವೆಂದು ಸಾಧ್ಯವಾದಾಗಲೆಲ್ಲ ಟ್ಯಾಂಕನ್ನು ಅಂಚಿನ ತನಕ ತುಂಬಿಸುತ್ತಿದ್ದ. ತುಂಬಿಸಿದಷ್ಟೂ ಅದು ಅವನಿಗೆ ಮೋಸ ಮಾಡುತ್ತಿತ್ತು.

ಕಿವಿಗೆ ಇಯರ್‌ಫೋನು ಸಿಕ್ಕಿಸಿ ಮಾವ್ಶಿಯ ಹಳೆಯ ದನಿಗಳನ್ನು ಮೊದಲಿನಿಂದ ಕೇಳಿದೆ. ಇಪ್ಪತ್ತಮೂರು ನಿಮಿಷದ ದಿನದ್ದು ಹೀಗಿತ್ತು: “ಲಿಹಿ ಪೋರಿ, ತೇವೀಸ್ ಮಿನಿಟಾಲಾ ಮೇಲಾ! ಆಣಿ ಡಬ್ಬಾ ಪರತ್ ಬೋಲ್ಲಾ!” ಬರೆದುಕೋ ಹುಡುಗಿ, ಇಪ್ಪತ್ತಮೂರು ನಿಮಿಷಕ್ಕೆ ಸತ್ತಿತು, ಡಬ್ಬಿ ಮತ್ತೆ ಮಾತಾಡಿತು. ಡಬ್ಬಿ ಮಾತಾಡುತ್ತದೆ ಎಂದು ಆಕೆ ಮಾವನಿಗೂ ಹೇಳಿದ್ದಳು. ದೋಣಿಗೆ ಅಲೆ ಬಡಿಯುವ ಸದ್ದು ಅದು ಎಂದು ಮಾವ ಕೈ ಬೀಸಿ ತಳ್ಳಿಹಾಕಿದ್ದು ನನ್ನ ಪುಟದಲ್ಲೇ ಇತ್ತು. ಈ ಸಲ ನಾನು ಆ ದನಿಯನ್ನು ಕೊನೆಯ ತನಕ ಕೇಳಿದೆ. ಬೈಗುಳದ ಹಿಂದೆ, ಆಕೆ ಮಾತಾಡುತ್ತಲೇ ಮುಚ್ಚಳ ತಿರುಗಿಸಿದಾಗ, ಯಾರೋ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡಂತೆ ‘ಸ್ಸ್’ ಎಂಬ ಸದ್ದು, ಅದರ ಬೆನ್ನಿಗೇ ತಗಡು ಹಿಗ್ಗಿದ ‘ಡಬ್’. ಟ್ಯಾಂಕು ಉಸಿರು ಎಳೆದುಕೊಳ್ಳುತ್ತಿತ್ತು.

ಮಿತ್ರರೇ, ಇಂಜಿನ್ ಒಂದು ಚಮಚ ಪೆಟ್ರೋಲ್ ಕುಡಿದರೆ ಟ್ಯಾಂಕಿನೊಳಗೆ ಒಂದು ಚಮಚ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಯಷ್ಟು ದಪ್ಪದ ಒಂದು ತೂತು ಇರುತ್ತದೆ. ಅದು ಮುಚ್ಚಿದ್ದರೆ ಟ್ಯಾಂಕು ಕೊಡುತ್ತಲೇ ಹೋಗಿ, ಕೊನೆಗೆ ಒಳಗಿನ ಖಾಲಿತನವೇ ಪೆಟ್ರೋಲನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಟ್ಯಾಂಕು ತುಂಬಿದ್ದಷ್ಟೂ ಒಳಗೆ ಗಾಳಿ ಕಡಿಮೆ, ಹಿಡಿತ ಬೇಗ. ಮತ್ತು ಇಂಜಿನ್ ನಿಂತಾಗ ಎಲ್ಲರ ಕೈ ಮೊದಲು ಹೋಗುವುದು ಆ ಮುಚ್ಚಳಕ್ಕೇ. ತೆರೆದು ನೋಡಿದ್ದೇ ತಡ ಗಾಳಿ ಒಳಗೆ ಹೋಗಿ ರೋಗ ವಾಸಿ. ಪರೀಕ್ಷಿಸುವ ಕೈಯೇ ಪ್ರತಿ ಸಲ ಸಾಕ್ಷಿ ಅಳಿಸುತ್ತಿತ್ತು. ಡ್ರಮ್ಮಿನಲ್ಲಿ ಇಂಜಿನ್ ಯಾಕೆ ಹಾಡುತ್ತಿತ್ತು ಎಂಬುದೂ ಹೊಳೆಯಿತು: ಅಂಗಡಿಗೆ ಬರುತ್ತಿದ್ದದ್ದು ಇಂಜಿನ್ ಮಾತ್ರ, ದೋಣಿಯ ಟ್ಯಾಂಕು ದೋಣಿಯಲ್ಲೇ ಉಳಿಯುತ್ತಿತ್ತು. ಡ್ರಮ್ಮಿನ ಪಕ್ಕದಲ್ಲಿ ಇರುವುದು ಅಂಗಡಿಯದೇ ಪ್ಲಾಸ್ಟಿಕ್ ಟ್ಯಾಂಕು. ನಾನು ಎಳೆದ ಅಷ್ಟೊಂದು ಅಂಕಣಗಳಲ್ಲಿ ‘ಯಾವ ಟ್ಯಾಂಕು’ ಎಂಬ ಅಂಕಣ ಇರಲೇ ಇಲ್ಲ.

ಆ ಅಂಕಣವನ್ನು ಎಳೆಯುತ್ತಿದ್ದಾಗಲೇ ನನ್ನ ಕೈ ನಿಂತಿತು. ದೋಣಿಯ ಟ್ಯಾಂಕು ಮಳೆಗಾಲದಲ್ಲಿ ಎಲ್ಲಿತ್ತು?

ಜೂನ್ ತಿಂಗಳ ಪುಟ ತೆಗೆದೆ. ಅಂಗಡಿಯ ಮಾಡು ಸೋರುತ್ತದೆಂದು ಮಾವ, ಹಿರಾ ಮಾವ್ಶಿ ಮಳೆಗಾಲಕ್ಕೆ ಇಡಲು ಕೊಟ್ಟಿದ್ದ ಆ ಕೆಂಪು ತಗಡಿನ ಟ್ಯಾಂಕನ್ನು ಖಾಲಿ ಮಾಡಿ ನಮ್ಮ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ತಂದಿಟ್ಟಿದ್ದ. ಖಾಲಿಯಾದರೂ ವಾಸನೆ ಹೋಗಲಿಲ್ಲ. ಪಕ್ಕದ ಮನೆಯವರು ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿಗೆ ದೂರು ಕೊಟ್ಟರು, ಸೆಕ್ರೆಟರಿ ಅಮ್ಮನಿಗೆ ಹೇಳಿದರು, ಅಮ್ಮ ನನಗೆ ಹೇಳಿದಳು. ಆಮೇಲಿನದು ನನ್ನದೇ ದುಂಡು ಅಕ್ಷರಗಳಲ್ಲಿ ಇದೆ: ‘ವಾಸನೆ ಬರುವ ಜಾಗ ಪತ್ತೆ: ಮುಚ್ಚಳದಲ್ಲಿ ಸಣ್ಣ ತೂತು. ಒಳಬದಿಯನ್ನು ಮರಳುಕಾಗದದಿಂದ ಉಜ್ಜಿ, ಸೋರುವ ನಲ್ಲಿಗೆ ಪ್ಲಂಬರ್ ಹಚ್ಚುವ ಬೂದು ಅಂಟು ಕಲಸಿ ತುಂಬಿದೆ. ಒಣಗಲು ಒಂದು ಗಂಟೆ. ವಾಸನೆ: ಶೂನ್ಯ. ಯಶಸ್ವಿ.’ ಕೊನೆಯ ಪದದ ಕೆಳಗೆ ಎರಡು ಗೆರೆ ಎಳೆದಿದ್ದೆ. ಆಗಸ್ಟಿನಲ್ಲಿ ನಾನು ಕೆಲಸಕ್ಕೆ ಹೋಗಿದ್ದ ದಿನ ಮಾವ ಬಂದು ಟ್ಯಾಂಕು ಒಯ್ದಿದ್ದ. ರೈಲು ಐರೋಲಿಯಿಂದ ಮುಂದೆ ಯಾವ ಸ್ಟೇಶನ್ನುಗಳಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ.

ಆ ಸಂಜೆ ಮನೆಯವರೆಗೆ ನಡೆದುಬರುವಾಗ ಒಂದು ಸುಲಭದ ದಾರಿ ನನ್ನ ಪಕ್ಕದಲ್ಲೇ ನಡೆಯುತ್ತಿತ್ತು. ಬೆಳಿಗ್ಗೆ ದಂಡೆಗೆ ಹೋಗುವುದು, ಯಾರೂ ನೋಡದಂತೆ ಅಂಟನ್ನು ಕೆರೆದು ತೆಗೆಯುವುದು. ಶನಿವಾರ ಇಂಜಿನ್ ಓಡುತ್ತದೆ. ಕಾರ್ಬುರೇಟರಿನ ಸೂಜಿಯೇ ತೊಂದರೆಯಾಗಿತ್ತು ಎಂದು ಮಾವ ಮೀಸೆ ತಿರುವುತ್ತಾನೆ, ಶಟರ್ ಇಳಿಯುವುದಿಲ್ಲ, ಅಂಟು ಹಚ್ಚಿದ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಇನ್ನೊಂದು ದಾರಿಯಲ್ಲಿ ಕಷ್ಟ ಎರಡು ಪಟ್ಟು. ನನ್ನ ತಪ್ಪು ಒಪ್ಪಿಕೊಂಡರೆ ಸಾಲದು; ಯಾವ ಮೆಕ್ಯಾನಿಕ್ಕೂ ಮೊದಲು ನೋಡಬೇಕಾದ ತೂತನ್ನು ನೀನು ನೋಡಲಿಲ್ಲ, ಒಂದು ತಿಂಗಳಿನಿಂದ ಅದು ಕೂಗಿದರೂ ನಿನಗೆ ಕೇಳಿಸಲಿಲ್ಲ ಎಂದು ಮಾವನಿಗೆ ಹೇಳಬೇಕು. ಪ್ರೆಸ್ಸುಗಳ ನಡುವಿನ ಇಪ್ಪತ್ತಾರು ವರ್ಷ ಅವನ ಕಿವಿಗಳಿಗೆ ಏನು ಮಾಡಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಅವನೂ ನಗುವವರ ತುಟಿ ನೋಡಿ ನಗುತ್ತಾನೆ.

ಆದರೆ ಸುಳ್ಳು ಔಷಧದಿಂದ ವಾಸಿಯಾದ ಇಂಜಿನ್, ಮುಂದಿನ ಇಂಜಿನ್‌ಗೆ ಸುಳ್ಳು ವೈದ್ಯವನ್ನೇ ಕಲಿಸುತ್ತದೆ. ಮಾವ ಇನ್ನು ಹತ್ತು ವರ್ಷ ಎಲ್ಲರ ಸೂಜಿ ಬದಲಿಸುತ್ತ ಕೂರುತ್ತಾನೆ; ನನ್ನ ಡೈರಿಯಲ್ಲಿ ಸರಿಯಾದ ತಾರೀಖಿನ ಕೆಳಗೆ ಒಂದು ತಪ್ಪು ಕಾರಣ ಶಾಶ್ವತವಾಗಿ ಕೂರುತ್ತದೆ. ನಾನು ಮನೆಯ ಮೆಟ್ಟಿಲು ಹತ್ತುವ ಮೊದಲೇ ಫೋನು ತೆಗೆದು ಮರುದಿನಕ್ಕೆ ಅರ್ಧ ದಿನದ ರಜೆ ಕೇಳಿದೆ.

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಮಾವ ಒಬ್ಬನೇ ಇದ್ದ. ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಅಳತೆಯ ಪ್ರಕಾರ ಗೋಡೆಗೆ ತೂಗುಹಾಕುತ್ತಿದ್ದ; ಮುಚ್ಚುವ ಮೊದಲು ಅಂಗಡಿ ಚೊಕ್ಕ ಮಾಡುವವನ ಹಾಗೆ. ನಾನು ಡೈರಿಯನ್ನು ಅವನ ಕೈಗೆ ಕೊಟ್ಟೆ. ಈವರೆಗೆ ಅದನ್ನು ಯಾರ ಕೈಗೂ ಕೊಟ್ಟವಳಲ್ಲ.

“ಎಂತದಿದು, ತಲಾಠಿಬಾಯಿ ದಫ್ತರ ಒಪ್ಪಿಸುವುದಾ?”

“ಜೂನ್ ಪುಟ ಮೊದಲು ಓದು ಮಾವ. ಆಮೇಲೆ ಕೊನೆಯ ಹಾಳೆ.”

ಅವನು ಕನ್ನಡಕ ಹಾಕಿ, ಬಾಗಿಲಿನ ಬೆಳಕಿಗೆ ತಿರುಗಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಜೂನ್ ಪುಟದಲ್ಲಿ ಬೆರಳು ಒಂದು ಕಡೆ ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ ಬಂತು. ಕೊನೆಯ ಹಾಳೆಯ ಅಂಕಿಗಳನ್ನು ಎರಡು ಸಲ ಓದಿದ. ನಾನು ಅವನ ಮುಖ ನೋಡಲಾರದೆ ಪಾನಾಗಳನ್ನು ಎಣಿಸಿದೆ, ಹದಿನೇಳು ಇದ್ದವು. ಕೊನೆಗೆ ಅವನು ಡೈರಿ ಮುಚ್ಚಿ, “ಬರೆದದ್ದು ಬರೆದದ್ದಾಯ್ತು. ಕಣ್ಣಲ್ಲಿ ನೋಡುವ,” ಎಂದವನೇ ದಂಡೆಗೆ ಹೋಗಿ ದೋಣಿಯಿಂದ ಇಂಜಿನ್ ಕಳಚಿಸಿ, ಟ್ಯಾಂಕಿನ ಸಮೇತ ತಂದ.

ಅಂಟನ್ನು ತೆಗೆಯಲಿಲ್ಲ. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಡ್ರಮ್ಮಿನಲ್ಲಿ ಇಂಜಿನ್ ಹೂಡಿದ. ನಾನು ಗಡಿಯಾರ ಹಿಡಿದು ನಿಂತೆ. ಆ ಡ್ರಮ್ಮಿನಲ್ಲಿ ಎಂದೂ ನಿಲ್ಲದಿದ್ದ ಇಂಜಿನ್ ಹನ್ನೊಂದು ನಿಮಿಷ ದಾಟಿ ಕೆಲವು ಸೆಕೆಂಡಿಗೆ ಬಿಕ್ಕಿ ನಿಂತಿತು. ಮಾವ ಪೈಪಿನ ಬಲ್ಬನ್ನು ಮುಟ್ಟಿದ. ಹಿಂಡಿ ಎಸೆದ ಲಿಂಬೆಹಣ್ಣಿನಂತೆ ಅದು ಚಪ್ಪಟೆಯಾಗಿತ್ತು. ದೋಣಿಯಲ್ಲಿ ಅದು ಹಲಗೆಯ ಕೆಳಗೆ ಬಲೆಯ ಮರೆಯಲ್ಲಿರುತ್ತದೆ. ಅಲ್ಲಿಗೆ ಕೈ ಹೋಗುವಷ್ಟರಲ್ಲಿ ಮುಚ್ಚಳ ತೆರೆದಾಗಿರುತ್ತದೆ.

“ಮಾವ, ಟ್ಯಾಂಕಿನ ಮೇಲೆ ಅಂಗೈ ಇಡು,” ಎಂದು ಅವನ ಮುಖದೆದುರು ನಿಂತು ಹೇಳಿದೆ. ಇಟ್ಟ. ನಾನು ಮುಚ್ಚಳ ತಿರುಗಿಸಿದೆ. ‘ಸ್ಸ್’ ಎಂದಿತು, ಅವನ ಮುಖ ಬದಲಾಗಲಿಲ್ಲ. ‘ಡಬ್’ ಎಂದು ತಗಡು ಹಿಗ್ಗಿದಾಗ ಮಾತ್ರ ಅವನ ಕೈ ಬೆಚ್ಚಿತು, ಕಣ್ಣು ಅರಳಿತು, ಹೊಟ್ಟೆಯೊಳಗಿನ ಮಗು ಒದ್ದದ್ದು ಮೊದಲ ಸಲ ಅಂಗೈಗೆ ತಾಗಿದವರ ಹಾಗೆ.

“ಒದೀತು,” ಎಂದ.

ಸರಪಳಿಯಲ್ಲಿ ತೂಗುತ್ತಿದ್ದ ಮುಚ್ಚಳವನ್ನು ಮಗುಚಿ, ಬೂದು ಗಂಟನ್ನು ಉಗುರಿನಿಂದ ಕೆರೆದು ನೋಡಿದ. ಅದು ಬರಲಿಲ್ಲ. “ಮರಳುಕಾಗದ ಹಾಕಿ ಉಜ್ಜಿದ್ದಿ ಅಲ್ವಾ, ಮತ್ತೆ ಬಿಡ್ತದಾ? ಇಷ್ಟು ಚಂದದ ಕೆಲಸ ನಮ್ಮ ಫ್ಯಾಕ್ಟರಿಯಲ್ಲೂ ಯಾರೂ ಮಾಡಲಿಲ್ಲ ಮಾರಾಯ್ತಿ.”

“ಮಾವ, ನನ್ನಿಂದ…”

“ನೀನು ತೂತು ಮುಚ್ಚಿದ್ದು ತಪ್ಪೇ. ಅದು ನಿನ್ನದು, ಇಟ್ಟುಕೋ.” ಅವನು ಸ್ಟೂಲಿನ ಮೇಲೆ ಕೂತ. “ಬೇರೆ ಟ್ಯಾಂಕಿನಲ್ಲಿ ಪರೀಕ್ಷೆ ಮಾಡಿದ್ದು ನನ್ನ ತಪ್ಪು. ಅದಕ್ಕಿಂತ ದೊಡ್ಡದು ಒಂದುಂಟು. ಡಬ್ಬಿ ಮಾತಾಡ್ತದೆ ಅಂತ ಹಿರಾ ಮೂರು ಸಲ ಹೇಳಿದಳು. ನನಗೆ ಆ ಸದ್ದು ಕೇಳಿಸಲಿಲ್ಲ. ಕೇಳಿಸಲಿಲ್ಲ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ. ಅಲೆಯ ಸದ್ದು ಅಂತ ಬೊಗಳೆ ಬಿಟ್ಟೆ.”

ಹೊರಗೆ ಖಾಡಿಯ ಮೇಲೆ ನೀರು ಏರುತ್ತಿತ್ತು. ಮಾವ ಎದ್ದು, ಅತಿ ಸಣ್ಣ ಬೈರಿಗೆಯನ್ನು ಹುಡುಕಿ ತೆಗೆದು, ನನ್ನ ಯಶಸ್ಸಿನ ನಡುವೆ ನಿಧಾನವಾಗಿ ತೂತು ಕೊರೆದ.

ಶನಿವಾರ ಬೆಳಿಗ್ಗೆ ಭರತದ ಹೊತ್ತಿಗೆ ಮೂವರೂ ದೋಣಿ ಹತ್ತಿದೆವು. ಹೊರಡುವ ಮೊದಲೇ, ಹಗ್ಗಕ್ಕೆ ಕೈ ಹಾಕಿದ ಹಿರಾ ಮಾವ್ಶಿಯನ್ನು ತಡೆದು, ಮಾವ ತನ್ನ ಮುರುಕು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದ. ಬಾಲ್ಕನಿ, ಅಂಟು, ಬೇರೆ ಟ್ಯಾಂಕು, ಕಿವಿ, ಒಂದನ್ನೂ ಬಿಡಲಿಲ್ಲ. ದಂಡೆಯಲ್ಲಿ ಆಕೆಯ ಮೈದುನನೂ ಇನ್ನಿಬ್ಬರು ದೋಣಿಯವರೂ ಕೇಳುತ್ತ ನಿಂತಿದ್ದರು. ಮಾವ್ಶಿ ಮೊದಲು ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿ, “ಮಾಫ್ ಕರಾ ಮಾವ್ಶಿ,” ಎಂದೆ. ಆಕೆ ಬೆಸ್ತರ ಭಾಷೆಯಲ್ಲಿ ನನಗೆ ಹೇಳಿದ್ದನ್ನು ನಾನು ಡೈರಿಯಲ್ಲಿ ಬರೆದಿಲ್ಲ. ಆಮೇಲೆ ಮಾವನ ಕಡೆ ತಿರುಗಿದಳು.

“ಮಗ್ ಇಂಜಿನ್‌ಲಾ ಕಶಾಲಾ ಸದಾಭಾವು, ತುಝೇ ಕಾನ್ ಬದಲ್!” ಹಾಗಾದರೆ ಇಂಜಿನ್‌ದು ಯಾಕಪ್ಪಾ, ನಿನ್ನ ಕಿವಿ ಬದಲಿಸು. ದಂಡೆಯವರು ಗೊಳ್ಳೆಂದು ನಕ್ಕರು. ಮಾವ ಯಾರ ತುಟಿಯನ್ನೂ ನೋಡದೆ, ಆಕೆಯ ಮಾತಿಗೇ ನಕ್ಕ. ಆಕೆ ಅಷ್ಟು ಜೋರಾಗಿ ಹೇಳಿದ್ದ ಕಾರಣ ಅವನಿಗೆ ಅದು ನಿಜವಾಗಿ ಕೇಳಿಸಿತ್ತು.

ಟ್ಯಾಂಕು ಕಂಠಮಟ್ಟ ತುಂಬಿತ್ತು. ಇಂಜಿನ್ ಹೊರಟಿತು. ಎಂಟನೆಯ ನಿಮಿಷದಲ್ಲಿ ನಾನು ಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ಹಿಡಿದೆ. ಹತ್ತನೆಯದರಲ್ಲಿ ಮಾವ್ಶಿ ನನ್ನ ಗಡಿಯಾರದತ್ತ ಬಾಗಿದಳು. ಹನ್ನೊಂದು. ಮಾವನ ಅಂಗೈ ಟ್ಯಾಂಕಿನ ಮೇಲಿತ್ತು, ಜ್ವರ ನೋಡುವವನಂತೆ. ಹನ್ನೆರಡು. ಹದಿಮೂರು. ಎಡಗಡೆಯ ಕಾಂಡ್ಲಾ ಕಾಡು ಹಿಂದೆ ಸರಿಯುತ್ತಲೇ ಇತ್ತು. ಇಪ್ಪತ್ತಕ್ಕೆ ಮಾವ್ಶಿ ಎಲೆ ಅಡಿಕೆಯ ಸಂಚಿ ಬಿಚ್ಚಿದಳು. ಒಂದು ಗಂಟೆ ನಾಲ್ಕು ನಿಮಿಷಕ್ಕೆ ದೊಡ್ಡ ಸೇತುವೆಯ ನೆರಳು ನಮ್ಮ ಮೇಲೆ ಬಿದ್ದಾಗ, ನೀರು ಇಳಿಯುವ ಮೊದಲು ಮರಳಲೆಂದು ಆಕೆಯೇ ದೋಣಿ ತಿರುಗಿಸಿದಳು. ಇಂಜಿನ್ ಎಲ್ಲೂ ನಿಲ್ಲಲಿಲ್ಲ. ದಂಡೆಯಲ್ಲಿ ನಾವೇ ನಿಲ್ಲಿಸಿದೆವು. “ಸೋಮವಾರ ನನ್ನ ಇಂಜಿನ್ನೂ ತರುತ್ತೇನೆ, ಅದೂ ಕೆಮ್ಮುತ್ತದೆ,” ಎಂದು ಆಕೆಯ ಮೈದುನ ನನ್ನ ಕಡೆ ನೋಡಿ ಹೇಳಿದ. ಮಾವನಿಗೆ ಕೇಳಿಸಿರಲಿಲ್ಲ. “ಏನಂದ?” ಎಂದು ಅವನು ನನ್ನನ್ನು ಕೇಳಿದ. ಅವನು ಹಾಗೆ ಕೇಳಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು.

ಶಟರ್ ಇಳಿಯಲಿಲ್ಲ. ಈಗ ಅಂಗಡಿಗೆ ಇಂಜಿನ್ ತರುವವರು ಟ್ಯಾಂಕನ್ನೂ ತರಬೇಕು. ಅದನ್ನು ಮಾವ ಬಾಗಿಲಿಗೆ ಮರಾಠಿಯಲ್ಲಿ ಬರೆಸಿ ಹಾಕಿದ್ದಾನೆ. ನನ್ನ ಹಾಳೆಗೆ ಎರಡು ಅಂಕಣಗಳು ಸೇರಿವೆ: ‘ಯಾವ ಟ್ಯಾಂಕು’, ‘ಏನು ಕೇಳಿಸಿತು’. ಎರಡನೆಯದನ್ನು ತುಂಬುವವರು ದೋಣಿಯವರೇ. ನವರಾತ್ರಿಯ ಹೊತ್ತಿಗೆ ಮಾವ ಠಾಣೆಗೆ ಹೋಗಿ ಕಿವಿ ತೋರಿಸಿಕೊಂಡು ಬಂದ. ಕಿವಿಯ ಅಚ್ಚು ತೆಗೆದು ಮಾಡಿದ ಪುಟ್ಟ ಯಂತ್ರವನ್ನು ಅಂಗೈಯಲ್ಲಿಟ್ಟು ನನ್ನ ಮೂಗಿನ ಕೆಳಗೆ ಹಿಡಿದು, “ಇಲ್ಲಿ ನೋಡು. ಇದಕ್ಕೂ ಒಂದು ತೂತು ಉಂಟು, ಗಾಳಿ ಆಡಲಿಕ್ಕೆ. ದಮ್ಮಯ್ಯ, ಮುಚ್ಚಬೇಡ,” ಎಂದ.

ನಾನು ಈಗಲೂ ತೆರೆದ ಡಬ್ಬಿ ಕಂಡರೆ ಮುಚ್ಚಳ ಹುಡುಕುತ್ತೇನೆ. ಸ್ವಭಾವವೆಂಬುದು ಒಂದು ಶನಿವಾರಕ್ಕೆ ಬದಲಾಗುವ ಬಿಡಿಭಾಗವಲ್ಲ. ಆದರೆ ಮುಚ್ಚುವ ಮೊದಲು ಒಂದು ಕ್ಷಣ ಕೈ ತಡೆಯುತ್ತದೆ. ಅಚ್ಚುಕಟ್ಟು ಎಂದು ನಾನು ಕರೆಯುತ್ತಿದ್ದದ್ದರಲ್ಲಿ ಎಷ್ಟು ಪಾಲು ಬರೀ ವಾಸನೆಯ ಭಯವಾಗಿತ್ತೋ, ಮಾವನ ಗಟ್ಟಿತನವೆಂದು ನಾವು ನಂಬಿದ್ದರಲ್ಲಿ ಎಷ್ಟು ಪಾಲು ಹೇಳಿಕೊಳ್ಳಲಾಗದ ಸಂಕೋಚವಾಗಿತ್ತೋ, ಅದಕ್ಕೆ ನನ್ನ ಬಳಿ ಅಂಕಿ ಇಲ್ಲ. ಎಷ್ಟೇ ತುಂಬಿದ್ದರೂ ಕೊಡುತ್ತ ಹೋಗುವವರಿಗೆ ಸೂಜಿಯಷ್ಟಾದರೂ ಗಾಳಿ ಒಳಗೆ ಬರಬೇಕು ಎಂಬುದು ಮಾತ್ರ ಗೊತ್ತು. ಅದನ್ನು ಹನ್ನೊಂದು ನಿಮಿಷದ ಅಳತೆಯಲ್ಲಿ ಕಲಿತಿದ್ದೇನೆ.

ಮೊನ್ನೆ ಭಾನುವಾರ ಅಮ್ಮ ಇಡ್ಲಿ ಇಟ್ಟಿದ್ದಳು. ಹದಿನಾಲ್ಕನೆಯ ಮುಚ್ಚಳದ ನಡುವಿನಿಂದ ಹಬೆ ಬಿಳಿ ದಾರದಂತೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ನಾನು ಡೈರಿಯ ಕೊನೆಯ ಪುಟ ತೆಗೆದು, ‘ಬದಲಿಸಬೇಕು’ ಎಂಬುದನ್ನು ಹೊಡೆದುಹಾಕಿ, ತಾರೀಖು ಹಾಕಿ, ಪಕ್ಕದಲ್ಲಿ ಬರೆದೆ: ‘ನಡುವೆ ತೂತು ಇದೆ. ಇರಲಿ.’